ಅಳತೆಗೆ ನಿಂತ ಹುಡುಗಿ

ರೈಟರ್ ಕ್ವಾರ್ಟರ್ಸ್, ಜಾವಳಿ
24 ಮೇ 1998

ಪೂಜ್ಯ ಅಂಬುಜಾಕ್ಷಿ ಅಮ್ಮನವರಿಗೆ, ನಿಮ್ಮ ತೋಟದ ಲೆಕ್ಕ ಬರೆಯುವ ರೈಟರ್ ಕಾಶೀನಾಥರ ಹಿರಿಯ ಮಗಳು ಮಾಲವಿಕಾ ಮಾಡುವ ನಮಸ್ಕಾರಗಳು.

ಈ ಪತ್ರದ ಉದ್ದೇಶ ಎರಡು. ನೀವು ಕಳುಹಿಸಿದ್ದ ಬಿಳಿಯ ಬಟ್ಟೆಯಲ್ಲಿ ಹೊಲಿದ ಫ್ರಾಕನ್ನು ಹಿಂದಿರುಗಿಸುವುದು. ನನ್ನ ತಂಗಿ ವಸುಧಾಳ ವಿಷಯವಾಗಿ ನೀವು ಅಪ್ಪನನ್ನು ಕೇಳಿದ ಮಾತಿಗೆ ಉತ್ತರ ಕೊಡುವುದು. ಉತ್ತರ ಕೊಡಬೇಕಾದವರು ಅಪ್ಪ. ಅವರು, "ದೊಡ್ಡೋರು ಕೇಳಿದಾರೆ. ಇಲ್ಲ ಅನ್ನೋ ನಾಲಿಗೆ ನಂಗಿಲ್ಲ ಮಗಾ" ಎಂದು ಜಗಲಿಯಲ್ಲಿ ಕುಳಿತುಬಿಟ್ಟರು. ಪಿಯುಸಿಯಲ್ಲಿ ನಾನು ಕಾಲೇಜಿಗೇ ಮೊದಲಿಗಳಾದಾಗ ಶಾಲು ಹೊದಿಸಿ, "ಈ ಹುಡುಗಿ ಮಾತಾಡಿದ್ರೆ ವಕೀಲರೂ ಸುಮ್ನಾಗ್ಬೇಕು" ಎಂದು ನೆಂಟರೆದುರು ಹೊಗಳಿದವರು ನೀವೇ. ಆ ಹೊಗಳಿಕೆಯನ್ನು ನಾನು ಇಂದಿಗೂ ನಂಬುತ್ತೇನೆ.

ನಿಮ್ಮ ಮಗಳು ರೂಪಶ್ರೀ ಬೋರ್ಡಿಂಗ್ ಶಾಲೆಗೆ ಹೋದ ವರ್ಷದಿಂದ ಅವಳ ರಜೆಯ ಫ್ರಾಕುಗಳನ್ನೆಲ್ಲ ಹೊಲಿದದ್ದು ನನ್ನ ಅಮ್ಮ. ಬಟ್ಟೆಯ ಹಿಮ್ಮೈಯಲ್ಲಿ ಪೆನ್ಸಿಲ್ಲಿನಿಂದ ಸಾಲುಸಾಲಾಗಿ ಚುಕ್ಕಿಯಿಟ್ಟು, ಕಚ್ಚಾ ನೂಲು ಓಡಿಸಿ, ಆ ನೂಲುಗಳನ್ನು ಒಟ್ಟಿಗೆ ಎಳೆದರೆ ಅಗಲದ ಬಟ್ಟೆ ಸಣ್ಣ ನೆರಿಗೆಗಳಾಗಿ ಕುಗ್ಗುತ್ತಿತ್ತು. ನೆರಿಗೆಗಳ ಮೇಲೆ ಜೇನುಗೂಡಿನಂಥ ಸ್ಮಾಕಿಂಗ್ ಕಸೂತಿ. ಅದು ಮುಗಿದ ಮೇಲೆ ಕಚ್ಚಾ ನೂಲನ್ನು ಕಿತ್ತರೆ ಎದೆಪಟ್ಟಿಯ ಯೋಕು ಮಗುವಿನ ಉಸಿರಿಗೆ ತಕ್ಕಂತೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ತೊಡುವವಳು ದೂರದ ಹಾಸ್ಟೆಲಿನಲ್ಲಿದ್ದುದರಿಂದ ಅಳತೆಗೆ ನಿಲ್ಲುತ್ತಿದ್ದವಳು ಅದೇ ವಯಸ್ಸಿನ, ಅದೇ ಮೈಕಟ್ಟಿನ ನಮ್ಮ ವಸು. ನಿಮ್ಮ ಜೀಪಿನ ಡ್ರೈವರ್ ನಿಂಗಯ್ಯ ಬಟ್ಟೆ ತಂದಾಗಲೆಲ್ಲ, "ಏನೇ ವಸು, ಮದುವಣಗಿತ್ತಿ ಥರ ನಿಂತಿದೀಯಲ್ಲ!" ಎಂದು ಕೆಣಕುತ್ತಿದ್ದ. "ನೀನೇ ಹಾಕ್ಕೋ ಮಾರಾಯ, ಗುಂಡುಸೂಜಿ ಚುಚ್ತದೆ!" ಎಂದು ಅವಳು ಕಿರುಚುತ್ತಿದ್ದಳು. ಫ್ರಾಕು ಮುಗಿದು ಬಂಗಲೆಗೆ ಹೋದ ಸಂಜೆ ವಸು ತನ್ನ ಹಳೆಯ ಲಂಗ ತೊಟ್ಟು ಅಂಗಳಕ್ಕೆ ಓಡುತ್ತಿದ್ದಳು.

ಎರಡು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಜ್ವರ ಬಂದು ರೂಪಶ್ರೀ ತೀರಿಕೊಂಡಳು. ಆ ಮಳೆಗಾಲ ಅಮ್ಮ ಬಣ್ಣದ ನೂಲಿನ ಡಬ್ಬಿಯನ್ನು ತೆರೆಯಲಿಲ್ಲ. ದೀಪಾವಳಿಯ ಹೊತ್ತಿಗೆ ನಿಂಗಯ್ಯ ಮತ್ತೆ ಬಟ್ಟೆ ತಂದ. ತಲೆ ಎತ್ತದೆ ಹೇಳಿದ: "ಅಳತೆ ಹಳೇದು ಬ್ಯಾಡಂತೆ. ಈಗ ಎಷ್ಟಾಗಿದಾಳೋ ಅಷ್ಟಕ್ಕೇ ಹೊಲೀಬೇಕಂತೆ." ಯಾರು ಎಷ್ಟಾಗಿದ್ದಾಳೆಂದು ನಾವು ಕೇಳಲಿಲ್ಲ. ಅಮ್ಮ ಅಂದಳು: "ಹೆತ್ತ ಹೊಟ್ಟೆ ಮಾರಾಯ್ತಿ. ಹೊಲಿದು ಕೊಟ್ರೆ ನಮ್ಮ ಗಂಟೇನು ಹೋಗ್ತದೆ?" ನನಗೂ ಅದು ಸರಿಯೆನಿಸಿತು. ವಸು ಬೆಳೆದಂತೆ ಫ್ರಾಕುಗಳೂ ಬೆಳೆದವು.

ಕಳೆದ ಭಾನುವಾರ ನಾನೂ ಅವಳೂ ಬಂಗಲೆಗೆ ಬಂದಾಗ ನೀವು ಪ್ರೀತಿಯಿಂದ ಬೀರುವನ್ನು ತೆರೆದು ತೋರಿಸಿದಿರಿ. ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ತೂಗುಹಾಕಿದ ಫ್ರಾಕುಗಳು. ರೂಪಶ್ರೀ ತೊಟ್ಟು ಮಾಸಿದವು ಸಾಲಿನ ನಡುವೆ ಮುಗಿಯುತ್ತಿದ್ದವು. ಅಲ್ಲಿಂದಾಚೆಯವನ್ನು ಅವಳು ಕಂಡೇ ಇರಲಿಲ್ಲ. ಅಂಬುಜಾಕ್ಷಿ ಅಮ್ಮ, ಆ ಸಾಲನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಸತ್ತ ಮಗು ಆ ಬೀರುವಿನೊಳಗೆ ವರ್ಷವರ್ಷವೂ ಬೆಳೆಯುತ್ತಿತ್ತು, ಬೆಳೆಯಲು ನನ್ನ ತಂಗಿಯ ಮೈಯನ್ನು ತೆಗೆದುಕೊಳ್ಳುತ್ತಿತ್ತು.

ಆಮೇಲೆ ನೀವು ವಸುವಿಗೆ ಹೊಸ ಫ್ರಾಕು ತೊಡಿಸಿದಿರಿ. ಅವಳ ನಡುಬೈತಲೆಯನ್ನು ಕೆಡಿಸಿ ಓರೆ ಬೈತಲೆ ತೆಗೆದಿರಿ. ತಟ್ಟೆಯಲ್ಲಿದ್ದ ಹಲಸಿನ ತೊಳೆಗೆ ಅವಳು ಕೈಚಾಚಿದಾಗ, "ಬ್ಯಾಡ ಕಂದಾ, ನಿಂಗೆ ಹಲಸು ಆಗಲ್ಲ, ಮೈ ಎಲ್ಲ ದದ್ದು ಏಳ್ತದೆ" ಎಂದು ತಟ್ಟೆ ಸರಿಸಿದಿರಿ. ಹಲಸು ಆಗದಿದ್ದುದು ರೂಪಶ್ರೀಗೆ. ನಾವು ಹೊರಡುವಾಗ ಒಳಗಿನಿಂದ, "ರೂಪಾ" ಎಂದು ಕರೆದಿರಿ. ವಸು ಚಪ್ಪಲಿಯನ್ನು ಅಲ್ಲೇ ಬಿಟ್ಟು, "ಬಂದೇ" ಎಂದು ಓಡಿದಳು.

ದಾರಿಯಲ್ಲಿ ಬೈದೆ. "ಅವ್ರ ಮುಖ ಅರಳ್ತದೆ ಅಕ್ಕಾ, ನಂಗೇನು ಬೇಜಾರಿಲ್ಲ" ಎಂದಳು. ಅದನ್ನು ಸಹಿಸಿಕೊಂಡೆ. ನಾನು ಹೆದರಿದ್ದು ಮರುದಿನ. ಅಪ್ಪ ಹಿತ್ತಲಿನ ಹಲಸನ್ನು ಕೊಯ್ದು ಬಿಡಿಸಿದರು. ಕೈಗೆ ಎಣ್ಣೆ ಹಚ್ಚಿಕೊಂಡು ಎಲ್ಲರಿಗಿಂತ ಮೊದಲು ಕೂರುತ್ತಿದ್ದ ನನ್ನ ತಂಗಿ ಬಾಗಿಲ ಬಳಿಯೇ ನಿಂತಳು. "ನಂಗೆ ಹಲಸು ಆಗಲ್ಲ" ಎಂದಳು. ತಮಾಷೆಯೆಂದು ಅಮ್ಮ ನಕ್ಕಳು. ವಸು ನಗಲಿಲ್ಲ. ತನ್ನ ತೋಳನ್ನು ತಾನೇ ಕೆರೆದುಕೊಳ್ಳುತ್ತಿದ್ದಳು. ನಾನು ಹತ್ತಿರ ಹೋಗಿ ನೋಡಿದೆ. ತೋಳಿನ ಮೇಲೆ ಏನೂ ಇರಲಿಲ್ಲ. ಅವಳು ಕೆರೆಯುವುದನ್ನು ನಿಲ್ಲಿಸಲೂ ಇಲ್ಲ.

ಆ ಸಂಜೆಯೇ ನಿಮ್ಮ ಮಾತು ಅಪ್ಪನ ಮೂಲಕ ಬಂತು: "ಶಾಲೆ ಶುರುವಾಗೋದ್ರೊಳಗೆ ವಸೂನ ನಮ್ಮಲ್ಲಿ ಬಿಡಿ, ನಮ್ಮನೆ ಮಗಳಾಗಿ ಇರ್ಲಿ. ಮಾಲವಿಕಂಗೆ ಮಂಗಳೂರಲ್ಲಿ ಕಾಲೇಜು, ಹಾಸ್ಟೆಲು ಎಲ್ಲ ನಾನು ನೋಡ್ಕೋತೀನಿ." ಮಂಗಳೂರಿನ ಕಾಲೇಜಿನ ಆಸೆಯನ್ನು ನಾನು ಎಷ್ಟು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆಂದು ನಿಮಗೆ ಹೇಗೆ ತಿಳಿಯಿತೋ ಕಾಣೆ. ಒಂದು ಕ್ಷಣ ನಾನು ಮನಸ್ಸಿನಲ್ಲೇ ಅಲ್ಲಿನ ತರಗತಿಯಲ್ಲಿ ಮೊದಲ ಬೆಂಚಿನ ಮೇಲೆ ಕುಳಿತದ್ದೂ ಹೌದು. ಆ ಕ್ಷಣವೂ ನನ್ನನ್ನು ಹೆದರಿಸಿದೆ. ನಾವಿರುವ ಸೂರು ನಿಮ್ಮದು, ಅಪ್ಪನ ಕೆಲಸ ನಿಮ್ಮ ಕೈಯಲ್ಲಿದೆ ಎಂಬುದನ್ನು ಮರೆತು ಬರೆಯುತ್ತಿಲ್ಲ. ನೀವು ಕೆಟ್ಟವರಾಗಿದ್ದರೆ ಈ ಪತ್ರ ಸುಲಭವಾಗುತ್ತಿತ್ತು. ನನ್ನ ತಂಗಿಯ ತಲೆ ನೇವರಿಸುವಾಗ ನಿಮ್ಮ ಬೆರಳು ಎಷ್ಟು ಮೆತ್ತಗಿತ್ತೆಂದು ನಾನು ನೋಡಿದ್ದೇನೆ.

ಈ ಬಿಳಿಯ ಫ್ರಾಕಿನ ಕಸೂತಿ ಮುಗಿದಿದೆ. ಕಚ್ಚಾ ನೂಲನ್ನು ಮಾತ್ರ ಅಮ್ಮ ಕಿತ್ತಿಲ್ಲ. ಕೊನೆಯ ಅಳತೆ ನೋಡಿದ ಮೇಲೆಯೇ ಅವಳು ಅದನ್ನು ಕೀಳುವುದು. ನಿನ್ನೆ ವಸುವನ್ನು ಅಳತೆಗೆ ನಿಲ್ಲಿಸಲು ನಾನು ಬಿಡಲಿಲ್ಲ. ನೂಲು ಇರುವವರೆಗೆ ಯೋಕು ಹಿಗ್ಗುವುದಿಲ್ಲ, ಫ್ರಾಕು ಯಾವ ಮಗುವಿಗೂ ಆಗುವುದಿಲ್ಲ. ಹಾಗೆಯೇ ಕಳುಹಿಸಿದ್ದೇನೆ.

ಈ ಹೊತ್ತು ವಸು ನನ್ನ ಪಕ್ಕದಲ್ಲಿ ಕುಳಿತು ಬಳಪದಿಂದ ಏನೋ ಗೀಚುತ್ತಿದ್ದಾಳೆ. ಅವಳ ಹೆಸರು ಹಿಡಿದು ಆಗಾಗ ಕರೆಯುತ್ತೇನೆ. ಒಮ್ಮೊಮ್ಮೆ ಎರಡನೆಯ ಸಲ ಕರೆಯಬೇಕಾಗುತ್ತದೆ.

ರೂಪಶ್ರೀ ಇರುವಲ್ಲಿ ಸುಖವಾಗಿರಲಿ. ನಿಮ್ಮ ಕಣ್ಣಿಗೆ ನಿದ್ದೆ ಬರಲಿ, ನಿಮ್ಮ ಮನೆಯ ದೀಪ ಶಾಂತವಾಗಿ ಉರಿಯಲಿ.

ವಸುಧಾ ಬರುವುದಿಲ್ಲ.

ನಿಮ್ಮ ಶಾಲನ್ನು ಇಂದಿಗೂ ಮಡಿಸಿ ಜೋಪಾನವಾಗಿಟ್ಟಿರುವ,
ಮಾಲವಿಕಾ