ಬಿಷಪರ ಮಂಡಿ

ಎತ್ತರದ ಮಂಗಳೂರು,
ಪವಿತ್ರ ಗುರುವಾರ, ೨೧೯೪

ಪ್ರಿಯ ಹಿರಿಯರೇ,

ನನಗಿಂತ ಒಂದೂವರೆ ಶತಮಾನ ಹಿಂದೆ ಇದನ್ನು ಓದುವ ನೀವು ಇನ್ನೂ ಮಕ್ಕಳೇ ಇರಬಹುದು. ಆದರೂ ನನಗೆ ಹಿರಿಯರೇ. ನನ್ನ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಕಡಲು ಊರನ್ನು ನುಂಗಿದ ಮೇಲೆ ನಾವು ಕೆಲವು ಪದಗಳನ್ನು ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. 'ನೀರುಕೂಟ' ಅಂಥದೊಂದು: ಗುಡ್ಡದ ಮೇಲೆ ಉಳಿದಿರುವ ಒಂದೇ ಸಿಹಿನೀರಿನ ಬಾವಿಯಿಂದ ಯಾರ ಮನೆಗೆ ಎಷ್ಟು ಎಂದು ತೀರ್ಮಾನಿಸುವ ಸಭೆ. ಇಲ್ಲಿ ಹೆಚ್ಚಿನವರು ನಾವು ಕಥೋಲಿಕರು. ಮುಳುಗಿದ ಕೊಂಕಣ ತೀರದಿಂದ ದೋಣಿಯಲ್ಲಿ ಬಂದ ಯೆಹೂದ್ಯರ ಕೆಲವು ಮನೆಗಳೂ ಇವೆ. ಶನಿವಾರ ಅವರು ಒಲೆ ಹಚ್ಚುವುದಿಲ್ಲ, ಬಾವಿಯ ಹಗ್ಗ ಹಿಡಿಯುವುದಿಲ್ಲ. ಅವರ ಸರದಿಯನ್ನು ಶುಕ್ರವಾರವೇ ಮುಗಿಸಿಕೊಡುವುದು ವಾಡಿಕೆಯಾಗಿತ್ತು.

ಆ ವಾಡಿಕೆ ತಂದವರು ಬಿಷಪ್ ಹಿಲರಿ ನಜ್ರೆತ್. ಯೇಸು ಶಿಲುಬೆಗೇರಿದ ಶುಭ ಶುಕ್ರವಾರದಂದು ನಾವು ಎಲ್ಲರಿಗಾಗಿಯೂ ಪ್ರಾರ್ಥಿಸುತ್ತೇವೆ, ಪ್ರತಿ ಪ್ರಾರ್ಥನೆಗೂ ಮೊಣಕಾಲೂರುತ್ತೇವೆ. ನಿಮ್ಮ ಅಜ್ಜ ಮುತ್ತಜ್ಜಂದಿರ ಕಾಲದಲ್ಲಿ ಯೆಹೂದ್ಯರಿಗಾಗಿ ಮಾಡುವ ಪ್ರಾರ್ಥನೆಗೆ ಮಾತ್ರ ಯಾರೂ ಮೊಣಕಾಲೂರುತ್ತಿರಲಿಲ್ಲ. ನೀರು ಕಡಿಮೆಯಾದಾಗ ಗುಡ್ಡದಲ್ಲಿ ಆ ಹಳೆಯ ಪದ್ಧತಿ ತಾನಾಗಿ ಮರಳಿತ್ತು. ಬಿಷಪರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. ಊದಿದ ಮಂಡಿಯನ್ನು ಬರಿನೆಲಕ್ಕೆ ಊರಿ, ನಮ್ಮಲ್ಲಿ ಕೊನೆಯವರು ಊರುವ ತನಕ ಏಳದೆ ಉಳಿದರು. ವರ್ಷ ವರ್ಷವೂ ಹಾಗೇ. ವಯಸ್ಸಾದವರನ್ನು ನೋಯಿಸಬಾರದೆಂದು ನಾವು ಬೇಗ ಬೇಗ ಮೊಣಕಾಲೂರಲು ಕಲಿತೆವು. ಹಾಗೆ ಊರಿ ಎದ್ದವರಿಗೆ ನೀರುಕೂಟದಲ್ಲಿ ಯೆಹೂದ್ಯರ ಸರದಿ ತಪ್ಪಿಸುವ ಮುಖವಿರಲಿಲ್ಲ. ಆ ಮರ್ಯಾದೆ ಅವರಿಗೋ, ಪಕ್ಕದ ಮನೆಯ ಯೆಹೂದ್ಯರಿಗೋ? ನನಗೆ ಈಗಲೂ ಖಚಿತವಿಲ್ಲ.

ಕಳೆದ ಮಳೆಗಾಲದಲ್ಲಿ ಬಿಷಪರು ತೀರಿಕೊಂಡರು. ಈ ಬೇಸಿಗೆಗೆ ಬಾವಿಯ ತಳ ಕಂಡಿತು. ಕ್ರಿಸ್ತನನ್ನು ಕೊಂದವರಿಗೆ ನೀರೇಕೆ ಎಂದು ಯೆಹೂದ್ಯರ ಮೇಲಿನ ಹಳೆಯ ದೂರು ಎಲ್ಲಿಂದಲೋ ಎದ್ದು ಬಂತು. ಹೊಸ ಬಿಷಪರು ಕೇಳಿಸಿಕೊಂಡೂ ಸುಮ್ಮನಿದ್ದಾರೆ. ನಾಳೆ ಶುಭ ಶುಕ್ರವಾರದ ಪ್ರಾರ್ಥನೆ ಮುಗಿದ ಕೂಡಲೇ ನೀರುಕೂಟ ಸೇರುತ್ತದೆ. ಯೆಹೂದ್ಯರ ಪಾಲು ತಪ್ಪಿದರೆ ನೆರೆಮನೆಯ ಶೆಗುಲಾ ನವಗಾಂವ್ಕರ್ ಮಕ್ಕಳನ್ನು ಕಟ್ಟಿಕೊಂಡು ಕೆಳಗೆ ಉಪ್ಪುನೀರಿನ ಬದಿಗೆ ಇಳಿಯಬೇಕು. ಅಲ್ಲಿಗೆ ಇಳಿದವರು ಯಾರೂ ಬಹುಕಾಲ ಬದುಕಿಲ್ಲ. ನಿನ್ನೆ ಅವಳು ಖಾಲಿ ಕೊಡವನ್ನು ಬೋರಲು ಹಾಕುತ್ತ ನಕ್ಕಳು: "ನಿಮ್ಮ ಬಿಷಪರ ಮಂಡಿಯೇ ಮಣ್ಣಿಗೆ ಸೇರಿತು, ಫ್ಲೋರಿನ್ ಬಾಯಿ, ಇನ್ನು ನಮ್ಮ ನೀರು ಯಾವ ಲೆಕ್ಕ?"

ನಾಳೆ ಪ್ರಾರ್ಥನೆಗಳನ್ನು ಓದುವ ಸರದಿ ನನ್ನದು. ಆ ಒಂದು ಪ್ರಾರ್ಥನೆಗೆ ನಿಂತೇ ಇರಬೇಕೆಂದು ನಮ್ಮ ವಾಳೆಯ, ಅಂದರೆ ಕೇರಿಯ, ಮುಖಂಡ ಗುರ್ಕಾರರು ಮನೆಮನೆಗೆ ಹೇಳಿ ಹೋಗಿದ್ದಾರೆ. ನಾನು ಓದುತ್ತೇನೆ, ಮೊಣಕಾಲೂರುತ್ತೇನೆ, ಏಳುವುದಿಲ್ಲ. ಆದರೆ ನನ್ನ ಮೇಲೆ ಯಾರಿಗೆ ಮರುಕ? ನಾನು ಬಿಷಪ್ ಅಲ್ಲ, ನನ್ನ ಮಂಡಿ ಊದಿಲ್ಲ. ಜನ ಸ್ವಲ್ಪ ಹೊತ್ತು ಕಾದು, ನನ್ನನ್ನು ಸುತ್ತಿ ದಾಟಿ ನೀರುಕೂಟಕ್ಕೆ ನಡೆಯಬಹುದು.

ನಿಮ್ಮಲ್ಲಿ ನಮ್ಮ ಬಿಷಪರಂಥ ಒಬ್ಬರು ಇದ್ದರೆ, ಅವರ ಜೊತೆ ಮೊಣಕಾಲೂರಿದ್ದೇ ಸಾಕೆಂದು ಎದ್ದು ಹೋಗಬೇಡಿ. ಯಾರಿಗಾಗಿ, ಏಕೆ ಮೊಣಕಾಲೂರುವುದು ಎಂದು ಅವರು ಬದುಕಿರುವಾಗಲೇ ಕೇಳಿ, ಮಕ್ಕಳಿಗೂ ಹೇಳಿ. ನಮಗೆ ಯಾರೂ ಹೇಳಲಿಲ್ಲ. ನಾವು ಕೇಳಲೂ ಇಲ್ಲ.

ನಿಮ್ಮ ಮನೆತನದ ಮುಂದಿನ ತಲೆಮಾರಿನವಳು,
ಫ್ಲೋರಿನ್ ರೇಗೊ