ಹಗ್ಗದಿಂದ ಲಿಫ್ಟನ್ನು ತಳ್ಳಿಸಿದ ಪರೀಕ್ಷಾ ಮಂಡಳಿಗೆ

ಮಾನ್ಯ ಪರೀಕ್ಷಾ ಮಂಡಳಿಯ ಅಧ್ಯಕ್ಷರೇ,

ಹಗ್ಗದಿಂದ ಲಿಫ್ಟನ್ನು ಕೆಳಕ್ಕೆ ತಳ್ಳಬಹುದು ಎಂದು ಜಗತ್ತಿಗೆ ಮೊಟ್ಟಮೊದಲು ತೋರಿಸಿಕೊಟ್ಟವರು ನೀವು. ಇಪ್ಪತ್ತಾರು ವರ್ಷಗಳಿಂದ ಲಿಫ್ಟ್ ರಿಪೇರಿ ಮಾಡಿಕೊಂಡು ಬದುಕುತ್ತಿರುವ ನನಗೆ ಈ ವಿದ್ಯೆ ಗೊತ್ತಿರಲಿಲ್ಲ. ನನ್ನ ಮಗಳಿಗೂ ಗೊತ್ತಿರಲಿಲ್ಲ. ಆ ತಪ್ಪಿಗೆ ಹನ್ನೆರಡನೇ ತರಗತಿಯ ಭೌತಶಾಸ್ತ್ರ ಪತ್ರಿಕೆಯಲ್ಲಿ ಅವಳ ಐದು ಅಂಕ ಕಿತ್ತುಕೊಂಡಿದ್ದೀರಿ. ಇಂಜಿನಿಯರಿಂಗ್ ಕಾಲೇಜಿಗೆ ಅರ್ಜಿ ಹಾಕಲು ಆ ವಿಷಯದಲ್ಲಿ ಅರವತ್ತು ಬೇಕು. ಅವಳಿಗೆ ಬಂದದ್ದು ಐವತ್ತೇಳು. ಐವತ್ತೇಳಕ್ಕೆ ಐದು ಕೂಡಿಸುವ ಕೆಲಸವನ್ನು ತಮ್ಮ ವಿಷಯ ತಜ್ಞರ ನೆರವಿಲ್ಲದೆ ತಾವೇ ಮಾಡಬಲ್ಲಿರಿ ಎಂದು ನಂಬಿದ್ದೇನೆ.

ನಿಮ್ಮ ಪ್ರಶ್ನೆ ನಿಮಗೆ ಮರೆತಿರಬಹುದು, ನನಗೆ ಬಾಯಿಪಾಠವಾಗಿದೆ. ಆರುನೂರು ಕಿಲೋಗ್ರಾಂ ದ್ರವ್ಯರಾಶಿಯ ಲಿಫ್ಟೊಂದು ಹನ್ನೆರಡರ ವೇಗೋತ್ಕರ್ಷದಿಂದ ಕೆಳಗಿಳಿಯುತ್ತಿದೆ, ಹಗ್ಗದಲ್ಲಿನ ಎಳೆತವನ್ನು ಕಂಡುಹಿಡಿಯಿರಿ, ಗುರುತ್ವದ ವೇಗೋತ್ಕರ್ಷವನ್ನು ಹತ್ತು ಎಂದು ತೆಗೆದುಕೊಳ್ಳಿ. ಸ್ವಾಮಿ, ಕೈಬಿಟ್ಟ ಕಲ್ಲೇ ಹತ್ತರಲ್ಲಿ ಬೀಳುತ್ತದೆ. ಹಗ್ಗ ಪೂರ್ತಿ ಕಡಿದುಹೋದ ಲಿಫ್ಟೂ ಹತ್ತರಲ್ಲೇ ಬೀಳುತ್ತದೆ. ಹನ್ನೆರಡರಲ್ಲಿ ಬೀಳಬೇಕಾದರೆ ಯಾರಾದರೂ ಮೇಲಿನಿಂದ ಅದನ್ನು ಒದೆಯಬೇಕು. ಮೇಲೆ ಇರುವುದು ಹಗ್ಗ ಮಾತ್ರ. ಹಗ್ಗಕ್ಕೆ ಕಾಲಿರುವುದನ್ನು ನಾನು ಈವರೆಗೆ ಕಂಡಿಲ್ಲ.

ನಿಮ್ಮ ಸೂತ್ರಕ್ಕೆ ಈ ಸಂಖ್ಯೆಗಳನ್ನು ತುಂಬಿದರೆ ಉತ್ತರ ಮೈನಸ್ ಸಾವಿರದ ಇನ್ನೂರು ನ್ಯೂಟನ್ ಬರುತ್ತದೆ. ಆ ಮೈನಸ್ಸು ಪಾಪ, ಪ್ರಶ್ನೆಯೇ ತಪ್ಪು ಎಂದು ಬಾಯಿ ಬಡಿದುಕೊಂಡು ಹೇಳುತ್ತಿದೆ. ನೀವು ಏನು ಮಾಡಿದಿರಿ? ನಿಮ್ಮ ಮಾದರಿ ಉತ್ತರದಲ್ಲಿ ಮೈನಸ್ಸನ್ನೇ ಅಳಿಸಿ ಸಾವಿರದ ಇನ್ನೂರು ಎಂದು ಬರೆದಿರಿ. ನನಗೆ ಹೊಟ್ಟೆಯುರಿಯುವುದು ಇಲ್ಲೇ. ಅರಿಯದೆ ತಪ್ಪಿದ್ದರೆ ಪಾಪ ಎನ್ನಬಹುದಿತ್ತು. ಎಳೆತ ಮೈನಸ್ ಆಗಲು ಸಾಧ್ಯವಿಲ್ಲ ಎಂಬಷ್ಟು ನಿಮ್ಮವರಿಗೆ ತಿಳಿದಿತ್ತು, ಅದಕ್ಕೇ ಆ ಗೆರೆಯನ್ನು ಅಳಿಸಿದರು. ಮನೆಗೆ ಬೆಂಕಿ ಬಿದ್ದಿದೆ ಎಂದು ಕೂಗಿದವನ ಬಾಯಿಗೆ ಬಟ್ಟೆ ತುರುಕಿದರೆ ಬೆಂಕಿ ಆರುತ್ತದೆಯೇ?

ಮಗಳು ಬರೆದದ್ದನ್ನೂ ಹೇಳಿಬಿಡುತ್ತೇನೆ, ಉತ್ತರ ಪತ್ರಿಕೆಯ ನಕಲು ನನ್ನ ಮುಂದೆಯೇ ಇದೆ. ಅವಳು ಸೂತ್ರ ಬರೆದಳು, ಬೆಲೆಗಳನ್ನು ಹಾಕಿದಳು, ಮೈನಸ್ ಬಂತು. ಆಮೇಲೆ ಇಡೀ ಲೆಕ್ಕದ ಮೇಲೆ ಒಂದು ನೇರ ಗೆರೆ ಎಳೆದು ಕೆಳಗೆ ಬರೆದಳು: 'ಹಗ್ಗ ಎಳೆಯಬಲ್ಲದು, ತಳ್ಳಲಾರದು. ಈ ಲಿಫ್ಟಿನಲ್ಲಿ ಹಗ್ಗ ಸಡಿಲವಾಗಿರುತ್ತದೆ, ಎಳೆತ ಸೊನ್ನೆ. ಹನ್ನೆರಡರ ವೇಗೋತ್ಕರ್ಷಕ್ಕೆ ಬೇರೆ ಬಲ ಬೇಕು, ಅದನ್ನು ಪ್ರಶ್ನೆಯಲ್ಲಿ ಕೊಟ್ಟಿಲ್ಲ.' ಹೊಡೆದುಹಾಕಿದ ಭಾಗವನ್ನು ಮೌಲ್ಯಮಾಪಕರು ನೋಡುವುದಿಲ್ಲವಂತೆ, ಆದ್ದರಿಂದ ಸೂತ್ರಕ್ಕೆ ಸಿಗಬೇಕಾದ ಅಂಕವೂ ಹೋಯಿತು. ಕೆಳಗಿನ ಮಾತು ಮಾದರಿ ಉತ್ತರದಲ್ಲಿ ಇರಲಿಲ್ಲ, ಆದ್ದರಿಂದ ಅದಕ್ಕೂ ಸೊನ್ನೆ. ಎಳೆತ ಸೊನ್ನೆ ಎಂದವಳಿಗೆ ಸೊನ್ನೆಯನ್ನೇ ಕೊಟ್ಟ ನಿಮ್ಮ ಉದಾರತೆಯನ್ನು ಮೆಚ್ಚಬೇಕು.

ಗೆರೆ ಎಳೆಯುವ ಆ ಚಾಳಿ ಅವಳಿಗೆ ನನ್ನಿಂದ ಬಂದದ್ದು. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ದುರಸ್ತಿ ಪುಸ್ತಕದಲ್ಲಿ ನಂಬಲಾಗದ ಅಳತೆ ಬಂದರೆ ಅದನ್ನು ಅಳಿಸಬಾರದು, ತಿದ್ದಬಾರದು. ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಯಾಕೆ ನಂಬಲಿಲ್ಲ ಎಂಬುದನ್ನು ಕೆಳಗೆ ಬರೆಯಬೇಕು. ಆಮೇಲೆ ಲಿಫ್ಟ್ ನಿಲ್ಲಿಸಬೇಕು. ಶಾಲೆಗೆ ರಜೆ ಇದ್ದಾಗ ಮಗಳು ನನ್ನ ಜೊತೆ ಕಟ್ಟಡಗಳ ಮೇಲಿನ ಯಂತ್ರದ ಕೋಣೆಗೆ ಬರುತ್ತಿದ್ದಳು. ಅಲ್ಲಿ ಗ್ರೀಸಿನ ಡಬ್ಬ, ಎಣ್ಣೆ ಹಿಡಿದ ಚಿಂದಿ, ಕೂರಲು ಒಂದು ಮರದ ಪೆಟ್ಟಿಗೆ, ಅಷ್ಟೇ. ಆ ಪೆಟ್ಟಿಗೆಯ ಮೇಲೆ ಕೂತು ನನ್ನ ಪುಸ್ತಕವನ್ನು ತಾನೇ ಬರೆಯುತ್ತಿದ್ದಳು. ಲಿಫ್ಟ್ ನಿಲ್ಲಿಸಿದ ಮೇಲೆ ಉಕ್ಕಿನ ಹಗ್ಗಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡುವುದನ್ನು ಕಲಿಸಿದೆ. ನಾಲ್ಕರಲ್ಲಿ ಒಂದು ಸ್ವಲ್ಪ ಮೆತ್ತಗೆ ಸಿಕ್ಕಿದರೂ ಅವಳು ಹೇಳುತ್ತಿದ್ದಳು. ಸಡಿಲವಾದ ಹಗ್ಗ ಎಂದರೇನು ಎಂಬುದು ಅವಳ ಬೆರಳಿಗೆ ಗೊತ್ತು. ಪರೀಕ್ಷೆಯಲ್ಲಿ ಅವಳು ಮಾಡಿದ್ದು ಅದನ್ನೇ. ಅಳತೆ ನಂಬಲಿಲ್ಲ, ಗೆರೆ ಎಳೆದಳು, ಕಾರಣ ಬರೆದಳು. ಅಪ್ಪನ ಮಗಳಾಗಿ ಕೆಟ್ಟಳು.

ಮರುಮೌಲ್ಯಮಾಪನಕ್ಕೆ ಅರ್ಜಿ ಹಾಕಿದೆವು. ಮಾದರಿ ಉತ್ತರವೇ ಅಂತಿಮ ಎಂದು ಒಂದು ಸಾಲಿನ ಉತ್ತರ ಬಂತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬುದಕ್ಕೆ ಸರ್ಕಾರಿ ಮೊಹರು ಬೀಳುವುದನ್ನು ಆವತ್ತು ನೋಡಿದೆ. ಒಂದು ದಿನ ಕೆಲಸಕ್ಕೆ ರಜೆ ಹಾಕಿ ನಿಮ್ಮ ಕಚೇರಿಗೇ ಬಂದೆ. ನೀವು ಸಭೆಯಲ್ಲಿದ್ದಿರಿ. ಬೆಳಿಗ್ಗೆ ಹತ್ತೂವರೆಗೆ ಸಭೆಯಲ್ಲಿದ್ದಿರಿ, ಮಧ್ಯಾಹ್ನ ಮೂರಕ್ಕೂ ಸಭೆಯಲ್ಲಿದ್ದಿರಿ. ಕಡೆಗೆ ನಾಲ್ಕನೇ ಮಹಡಿಯಲ್ಲಿ ಕೂರುವ ವಿಷಯ ತಜ್ಞರ ಹತ್ತಿರ ಕಳಿಸಿದರು. ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅವರು ಮಗಳ ಉತ್ತರವನ್ನು ಎರಡು ಸಲ ಓದಿದರು. ಅರ್ಥವಾಗಲಿಲ್ಲ ಎಂದು ಮಾತ್ರ ನಾನು ಹೇಳಲಾರೆ, ಎರಡನೇ ಸಲ ಓದುವಾಗ ಅವರ ಮುಖ ಸಣ್ಣಗಾದದ್ದನ್ನು ಕಂಡಿದ್ದೇನೆ. ಆಮೇಲೆ ನನಗೆ ಸಮಾಧಾನ ಹೇಳುವವರ ಹಾಗೆ ಹೇಳಿದರು:

"ನೋಡಿ, ಅದು ನಿಜವಾದ ಲಿಫ್ಟ್ ಅಲ್ಲ. ಲೆಕ್ಕದ ಲಿಫ್ಟು."

"ಹಾಗಾದ್ರೆ ಅದಕ್ಕೆ ಹಗ್ಗ ಯಾಕೆ ಕಟ್ಟಿದ್ರಿ ಸಾರ್?" ಎಂದೆ.

ಅವರು ಕನ್ನಡಕವನ್ನು ಕೆಳಗಿಳಿಸಿ ಬೇರೆ ಫೈಲು ತೆಗೆದರು. ಎಂಬತ್ತು ಸಾವಿರ ಮಕ್ಕಳು ಬರೆದ ಪತ್ರಿಕೆ, ಈಗ ತಪ್ಪು ಅಂತ ಒಪ್ಪಿಕೊಂಡರೆ ಎಲ್ಲವನ್ನೂ ಮತ್ತೆ ತೆಗೆಯಬೇಕು, ಯಾರು ತೆಗೀತಾರೆ ಎಂದು ಫೈಲಿಗೆ ಹೇಳಿದರು. ಅಲ್ಲಿಗೆ ವಿಜ್ಞಾನ ಮುಗಿದು ಸೋಮಾರಿತನ ಶುರುವಾಗಿತ್ತು. ನಾನು ಮೆಟ್ಟಿಲಲ್ಲೇ ಇಳಿದು ಬಂದೆ. ನಿಮ್ಮ ಲಿಫ್ಟಿನ ಮೇಲೆ ನನಗೆ ಅನುಮಾನವಿಲ್ಲ, ಅದನ್ನು ಕೂರಿಸಿದವರು ನಮ್ಮಂಥವರು. ಒಬ್ಬನೇ ನಾಲ್ಕು ಮಹಡಿ ನಡೆದು ಸಿಟ್ಟು ಇಳಿಸಿಕೊಳ್ಳಬೇಕಾಗಿತ್ತು.

ಮನೆಯಲ್ಲಿ ವಿಷಯ ಹೇಳಿದಾಗ ನನ್ನ ಹೆಂಡತಿ ಹೊಲಿಗೆ ಯಂತ್ರದಿಂದ ತಲೆ ಎತ್ತಲಿಲ್ಲ. ತೋಳಿನ ಅಳತೆ ಮೈನಸ್ ಬಂದರೆ ತಾನು ಟೇಪನ್ನು ನೋಡುತ್ತೇನೆಯೇ ಹೊರತು ಗಿರಾಕಿಯ ಕೈ ಕತ್ತರಿಸುವುದಿಲ್ಲ ಎಂದಳು. ಅವಳು ಓದಿದ್ದು ಏಳನೇ ತರಗತಿ. ಮುಂದಿನ ಪ್ರಶ್ನೆಪತ್ರಿಕೆ ಸಮಿತಿಗೆ ಅವಳ ಹೆಸರನ್ನು ಪರಿಶೀಲಿಸಬಹುದು.

ಮಗಳು ಅಂಕ ಹೆಚ್ಚಿಸಿಕೊಳ್ಳಲು ಬರೆಯಬೇಕಾದ ಮರುಪರೀಕ್ಷೆಗೆ ಈಗ ಮೂರು ವಾರ ಉಳಿದಿದೆ. ಮಗಳ ಟ್ಯೂಷನ್ ಮೇಷ್ಟ್ರನ್ನು ಮಕ್ಕಳು 'ಫಾರ್ಮುಲಾ' ಎಂದೇ ಕರೆಯುತ್ತಾರೆ. ಮಂಡಳಿಯವರು ಹಳೆಯ ಪ್ರಶ್ನೆಗಳನ್ನೇ ತಿರುಗಿಸಿ ಕೊಡುತ್ತಾರೆಂಬುದು ಅವರ ಇಪ್ಪತ್ತು ವರ್ಷದ ಸಂಶೋಧನೆ. ಅದಕ್ಕಾಗಿ ನಿಮ್ಮ ಲಿಫ್ಟ್ ಲೆಕ್ಕವನ್ನು, ಮೈನಸ್ ಅಳಿಸುವುದೂ ಸೇರಿದಂತೆ, ಎಲ್ಲರಿಂದಲೂ ಹತ್ತು ಸಲ ಬರೆಸಿದ್ದಾರೆ. ನಲವತ್ತು ಮಕ್ಕಳು ಒಂದು ಕೋಣೆಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿ ಕೂತು, ಹಗ್ಗ ತಳ್ಳುತ್ತದೆ ಎಂದು ಬರೆಯುವುದನ್ನು ಅಭ್ಯಾಸ ಮಾಡುತ್ತಿದ್ದಾರೆ. ನಿಮ್ಮ ಒಂದು ತಪ್ಪಿಗೆ ಎಷ್ಟು ಜನ ದುಡಿಯುತ್ತಿದ್ದಾರೆ ನೋಡಿ. ನನ್ನ ಮಗಳು ಮಾತ್ರ ಬರೆಯಲಿಲ್ಲವಂತೆ. ಮೇಷ್ಟ್ರು ಅವಳನ್ನು ಹೊರಗೆ ಕೂರಿಸಿದರು.

ಆ ಸಂಜೆ ಅವಳು ನನ್ನನ್ನು ಕೇಳಿದಳು, ಆ ಪ್ರಶ್ನೆ ಮತ್ತೆ ಬಂದರೆ ಏನು ಬರೆಯಲಿ ಎಂದು. ನಾನು ತುಂಬ ಹೊತ್ತು ಯೋಚಿಸಲಿಲ್ಲ, ಅದೇ ಈಗ ನಾಚಿಕೆ. ಮೂರು ಅಂಕದಿಂದ ಒಂದು ವರ್ಷ ಹಾಳಾಗುವುದು ಬೇಡ, ಅವರಿಗೆ ಬೇಕಾದ್ದನ್ನೇ ಬರಿ ಎಂದುಬಿಟ್ಟೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳು ಅಳತೆಗೂ ಸಹಿ ಹಾಕದ ನಾನು ನನ್ನ ಮಗಳಿಗೆ ಹಾಗೆ ಹೇಳಿದೆ.

ಅವಳು ಜಗಳವಾಡಲಿಲ್ಲ. ಪುಸ್ತಕ ಮುಚ್ಚಿ ಹೇಳಿದಳು:

"ಬರೀತೀನಿ ಬಿಡಪ್ಪ. ಇಂಜಿನಿಯರೂ ಆಗ್ತೀನಿ. ಆಮೇಲೆ ನಾನು ಹೀಗೇ ಲೆಕ್ಕ ಹಾಕಿ ಕಟ್ಟಿಸಿದ ಲಿಫ್ಟನ್ನ ನೀನು ಹತ್ತುತೀಯಾ?"

ಮಾನ್ಯರೇ, ನಿಮ್ಮ ಮಾದರಿ ಉತ್ತರಗಳಲ್ಲಿ ಇದಕ್ಕೆ ಏನಾದರೂ ಇದ್ದರೆ ತಿಳಿಸಿ.

ನನ್ನ ಬೇಡಿಕೆ ಚಿಕ್ಕದು. ಎಂಬತ್ತು ಸಾವಿರ ಪತ್ರಿಕೆಗಳನ್ನು ತೆಗೆಯುವ ಧೈರ್ಯ ನಿಮಗಿಲ್ಲ ಎಂಬುದನ್ನು ಬಲ್ಲೆ. ಮರುಪರೀಕ್ಷೆಗೆ ಮುಂಚೆ, ದಿನಪತ್ರಿಕೆಗಳಲ್ಲಿ, ನಿಮ್ಮ ಸಹಿಯೊಂದಿಗೆ ಒಂದೇ ಸಾಲು ಪ್ರಕಟಿಸಿ: ಆ ಪ್ರಶ್ನೆ ತಪ್ಪಾಗಿತ್ತು, ಹಾಗೆಂದು ಬರೆದವರು ಸರಿ. ಆ ಸಾಲಿನಿಂದ ಅವಳಿಗೆ ಸೀಟು ಸಿಗುತ್ತದೋ ಇಲ್ಲವೋ, ಅದನ್ನು ಅವಳು ಪರೀಕ್ಷೆ ಬರೆದು ನೋಡಿಕೊಳ್ಳುತ್ತಾಳೆ. ನನಗದು ಬೇಕಾಗಿರುವುದು ಬೇರೆ ಕೆಲಸಕ್ಕೆ. ಅದನ್ನು ಕೈಯಲ್ಲಿ ಹಿಡಿದುಕೊಂಡು, ಆವತ್ತು ನಾನು ಹೇಳಿದ್ದು ತಪ್ಪು ಮಗಳೇ ಎಂದು ಅವಳ ಮುಂದೆ ನಿಂತು ಹೇಳಬೇಕು. ನಿಮ್ಮ ಸಾಲು ಬಾರದಿದ್ದರೂ ಹೇಳುತ್ತೇನೆ. ಆಗ ಈ ವಿಷಯದಲ್ಲಿ ತಪ್ಪು ಒಪ್ಪಿಕೊಂಡವನು ನಾನೊಬ್ಬನೇ ಆಗಿರುತ್ತೇನೆ, ಅಷ್ಟೇ.

ಇಂತಿ,
ಸರಿ ಉತ್ತರ ಗೊತ್ತಿದ್ದೂ ಮಗಳಿಗೆ ತಪ್ಪು ಬರೆಯಲು ಹೇಳಿದ
ಒಬ್ಬ ಲಿಫ್ಟ್ ಮೆಕ್ಯಾನಿಕ್