ಮೂರನೆಯವರು ಬಂದಾಗ

ಕಾಮ್ರೇಡ್ ರೂಬೆನ್,

ನೀವು ತೀರಿಕೊಂಡ ಮೇಲೆ ಪಕ್ಷದ ನಿಷೇಧ ತೆಗೆದರು. ಇವತ್ತು ಡರ್ಬನ್ನಿನ ನಿಮ್ಮ ಮನೆಯಲ್ಲೇ ಮೊದಲ ಬಹಿರಂಗ ಸಭೆ. ಸಮುದ್ರದ ಬೆಳಕು ಬಿದ್ದು ಅಡುಗೆಮನೆಯ ಗೋಡೆಗಳು ನೀರಿನಲ್ಲಿ ತೇಲಿದ ಹಾಗಿದ್ದವು. ನಿಮ್ಮ ಹಳೆಯ ಶಿಷ್ಯೆಯರಾದ ನಾನೂ ಸಿಝಕೇಲೆಯೂ ಚಹಾ ಕುಡಿಯುತ್ತಿದ್ದೆವು. ನಮ್ಮ ಪಕ್ಷದ ಮುದುಕ ಕಾಮ್ರೇಡ್ ಫಕೀರ್ ಒಳಗೆ ಬಂದದ್ದೇ ತಡ, ನಾನು ಲೋಟ ಹಿಡಿದು ಹಿತ್ತಲಿಗೆ ಹೊರಟೆ.

“ಎಲ್ಲಿಗೆ ತಂಗಿ? ಸರ್ಕಾರನೇ ಮರೆತ ಕಾಯಿದೆ ನೀನಿನ್ನೂ ಪಾಲಿಸ್ತಿದ್ದೀಯಲ್ಲ.”

“ಇವಳನ್ನ ಪೊಲೀಸ್ ಕೆಲಸಕ್ಕೆ ಸೇರಿಸ್ಬೇಕು ಬಿಡಣ್ಣ” ಎಂದಳು ಸಿಝಕೇಲೆ.

ಬಿಳಿಯರ ಸರ್ಕಾರ ವಿಶ್ವವಿದ್ಯಾಲಯದಿಂದ ನಿಮ್ಮನ್ನು ಹೊರಹಾಕಿ, ಒಮ್ಮೆಗೆ ಒಬ್ಬರ ಜೊತೆಗಷ್ಟೇ ಕೂರಬೇಕೆಂದು ಕಟ್ಟಳೆ ಹಾಕಿತ್ತು. ನೀವು ನಮಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಪಾಠ ಹೇಳಿದಿರಿ. ಮೂರನೆಯವರು ಬಂದರೆ ಒಬ್ಬರು ಎದ್ದು ಹೋಗಬೇಕಿತ್ತು. ಮನುಷ್ಯರನ್ನು ಮನುಷ್ಯರಿಂದ ಕಿತ್ತ ಆ ಹೇಸಿಗೆ ಕಾಯಿದೆಗೆ ನಾನು ಬೀದಿಯಲ್ಲಿ ನಿಂತು ಉಗಿದಿದ್ದೇನೆ, ಲಾಠಿ ತಿಂದಿದ್ದೇನೆ. ಆದರೂ ಇವತ್ತು ಮನೆ ಜನರಿಂದ ತುಂಬುತ್ತಿದ್ದಾಗ ಕಣ್ಣೆದುರು ತೇಲಿದ್ದು ನನ್ನ ಸರದಿಯ ಮಧ್ಯಾಹ್ನಗಳು, ಬಾಗಿಲು ಮುಚ್ಚಿದ ಕೋಣೆ, ನಾವಿಬ್ಬರು.

“ನಿನ್ನಷ್ಟು ಅವರನ್ನ ಬಲ್ಲವರು ಯಾರಿದ್ದಾರೆ? ನಾಲ್ಕು ಮಾತಾಡು” ಎಂದ ಫಕೀರ್.

ಎದ್ದು ನಿಂತೆ. ಗಣಿ ಕಾರ್ಮಿಕರ ಕೂಲಿಯ ಬಗ್ಗೆ ನೀವು ಹೇಳಿಕೊಟ್ಟದ್ದನ್ನು ಒಪ್ಪಿಸಿ, ಆ ಮಧ್ಯಾಹ್ನಗಳನ್ನು ನನ್ನಲ್ಲೇ ಇಟ್ಟುಕೊಂಡು ಕೂತುಬಿಟ್ಟೆ.

ಥಂಡೇಕ